ಈಗಲೇ ಹೇಳಲಾಗದು

ಆಗಸ್ಟ್ ೧೧, ಸೋಮವಾರ

ಸುಮ್ಮನೆ ಒಂದು ಅರ್ಜಿ, ಅಷ್ಟೇ. ಮೊದಲೇ ಇಲ್ಲಿ ಬರೆದಿಡುತ್ತೇನೆ, ಆಮೇಲೆ ನನಗೆ ನಾನೇ ಬೇರೆ ಕಥೆ ಕಟ್ಟಿಕೊಳ್ಳಬಾರದಲ್ಲ. ಹೊರದೇಶಕ್ಕೆ ಹೋಗಿ ಡಾಕ್ಟರೇಟ್ ಮಾಡುವ ವಯಸ್ಸೇ ಇದು? ಮೂವತ್ತೇಳು ತುಂಬಿತು. ಎಂಟು ವರ್ಷದ ಮಗಳಿದ್ದಾಳೆ. ಲಿಫ್ಟ್ ರಿಪೇರಿ ಮಾಡುವ ಇವರಿದ್ದಾರೆ. ಯಾರೋ ಎರಡು ಮಹಡಿಗಳ ಮಧ್ಯೆ ಸಿಕ್ಕಿಹಾಕಿಕೊಂಡರು ಎಂದು ಫೋನ್ ಬಂದರೆ ಸರಿರಾತ್ರಿಯಾದರೂ ಎದ್ದು ಓಡುವವರು. ಇಂಥ ಸಂಸಾರ ಕಟ್ಟಿಕೊಂಡವಳು ಅರ್ಜಿ ಹಾಕುವುದೇ ಒಂದು ತಮಾಷೆ.

ಆದರೂ ಆ ಜಾಹೀರಾತು ನೋಡಿದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನಮ್ಮ ಲ್ಯಾಬಿಗೆ ಕಾಂಟ್ರಾಕ್ಟರುಗಳು ಕಾಂಕ್ರೀಟಿನ ಕ್ಯೂಬುಗಳನ್ನು ತಂದುಕೊಡುತ್ತಾರೆ. ಅವನ್ನು ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿಟ್ಟು, ಆಮೇಲೆ ಮೆಷಿನ್ನಿಗೆ ಕೊಟ್ಟು, ಒಡೆಯುವವರೆಗೆ ಒತ್ತುತ್ತೇವೆ. ಎಷ್ಟು ಭಾರಕ್ಕೆ ಒಡೆಯಿತು ಎಂಬುದೇ ನಮ್ಮ ವರದಿ. ಆದರೆ ತೊಟ್ಟಿಯಲ್ಲಿ ತಣ್ಣಗೆ ಕೂತ ಕ್ಯೂಬು ಬೇರೆ, ಬಿಸಿಲಿಗೆ ಒಣಗಿ ನಿಂತ ಗೋಡೆ ಬೇರೆ. ಕ್ಯೂಬು ಪಾಸಾದ ಕಟ್ಟಡದಲ್ಲೇ ಗೋಡೆ ಬಿರುಕು ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ, ಮಿಕ್ಕಿದ ಕಾಂಕ್ರೀಟಿನಲ್ಲಿ ನನ್ನದೇ ಕ್ಯೂಬುಗಳನ್ನು ಮಾಡಿ, ಲ್ಯಾಬಿನ ತಾರಸಿಯ ಮೇಲೆ ಬಿಸಿಲಿಗೂ ಗಾಳಿಗೂ ಬಿಟ್ಟು, ಒಂದೊಂದಾಗಿ ಒಡೆದು ಲೆಕ್ಕ ಇಡುತ್ತಾ ಬಂದಿದ್ದೇನೆ. ಆರು ವರ್ಷವಾಯಿತು. ಲ್ಯಾಬಿನಲ್ಲಿ ಅದಕ್ಕೆ 'ಮೇಡಂ ತೋಟ' ಎಂದು ಹೆಸರು. ಬೇಕಾದರೆ ನಗಲಿ.

ಈಗ ಎಲ್ಲೋ ಸಮುದ್ರದಾಚೆ ಒಬ್ಬ ಪ್ರೊಫೆಸರ್, ಅದೂ ಹೆಂಗಸು, ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಕೂತಿದ್ದಾರಂತೆ. ಇರುವುದು ಒಂದೇ ಸೀಟು. ನಾಲ್ಕು ವರ್ಷ. ಮೊದಲ ವರ್ಷ ಒಂಟಿಯಾಗಿ ಇರಬೇಕು, ಮನೆಯವರಿಗೆ ಜಾಗ ಕೊಡುವುದು ಆಮೇಲೆ.

ಸಿಗುವುದಿಲ್ಲ. ಸಿಕ್ಕರೂ ಹೋಗುವುದಿಲ್ಲ. ಸುಮ್ಮನೆ ಹಾಕಿ ನೋಡುವುದು.

ಆಗಸ್ಟ್ ೨೪, ಭಾನುವಾರ

ಇವರಿಗೆ ಹೇಳಿದೆ. ಅಂಗಿ ಇಸ್ತ್ರಿ ಮಾಡುತ್ತಿದ್ದರು.

"ರೀ, ಹೊರಗಡೆ ಡಾಕ್ಟರೇಟಿಗೆ ಒಂದು ಅರ್ಜಿ ಹಾಕೋಣ ಅಂತಿದೀನಿ. ಸುಮ್ನೆ."

"ಸುಮ್ನೇನಾ?"

"ಹೌದು, ಸುಮ್ನೆ. ಸಿಗಲ್ಲ ಬಿಡಿ."

"ಹೂಂ. ಹಾಕು."

ಮುಗಿಯಿತು. ಇಸ್ತ್ರಿಪೆಟ್ಟಿಗೆ ಕಾಲರಿನ ಮೇಲೆ ಇನ್ನೆರಡು ಸಲ ಓಡಾಡಿತು. ಇಷ್ಟು ವರ್ಷ ಜೊತೆಗೆ ಬಾಳಿದ ಹೆಂಡತಿ ದೇಶ ಬಿಡುವ ಮಾತೆತ್ತಿದರೆ ಒಂದು 'ಹೂಂ'! ಹೋಗು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಮೈಯೆಲ್ಲ ಉರಿದುಹೋಯಿತು. ಪಾತ್ರೆಗಳನ್ನು ಬೇಕೆಂದೇ ದಡಬಡ ಸದ್ದು ಮಾಡುತ್ತಾ ತೊಳೆದೆ. ಅಷ್ಟರಲ್ಲಿ ನಮ್ಮ ಪಿಟೀಲು ಬಂತು. ಅತ್ತರೆ ಒಂದೇ ಸ್ವರವನ್ನು ಎಳೆದೆಳೆದು ಅಳುತ್ತಾಳೆಂದು ಮಗಳಿಗೆ ಅವರಪ್ಪ ಇಟ್ಟ ಹೆಸರು ಅದು. ಇವತ್ತು ಅಳುತ್ತಿರಲಿಲ್ಲ. "ಅಮ್ಮ, ಯಾರ ಮೇಲೆ ಕೋಪ?" ಎಂದು ಕೇಳಿದಳು. ಪಾತ್ರೆ ಮೇಲೆ ಎಂದೆ.

ಸೆಪ್ಟೆಂಬರ್ ೧೦

ತಾರಸಿಯ ಲೆಕ್ಕವನ್ನೆಲ್ಲ ನೀಟಾಗಿ ಬರೆಯಬೇಕು, ಅದಕ್ಕಾಗಿ ಬೆಳಗ್ಗೆ ಸ್ವಲ್ಪ ಬೇಗ ಲ್ಯಾಬಿಗೆ ಹೋಗುತ್ತಿದ್ದೇನೆ. ಹಾಗಾಗಿ ಪಿಟೀಲಿಗೆ ಜಡೆ ಹಾಕುವುದನ್ನು ಇವರಿಗೆ ಕಲಿಸಲು ಶುರು ಮಾಡಿದೆ.

"ಮೂರು ಎಳೆ. ಪಕ್ಕದ್ದು ನಡುವೆ ಬರ್ಬೇಕು, ಆಮೇಲೆ ಈ ಪಕ್ಕದ್ದು."

"ಗೊತ್ತಾಯ್ತು ಬಿಡು, ಲಿಫ್ಟಿನ ಹಗ್ಗದ ಥರಾನೇ."

"ಲಿಫ್ಟಿನ ಹಗ್ಗಕ್ಕೆ ನೋವಾಗಲ್ಲ ರೀ."

ಕೇಳುವವರು ಯಾರು? ಹತ್ತು ಜನರ ಭಾರ ಹೊರಬೇಕೇನೋ ಎಂಬಂತೆ ಬಿಗಿದರು. "ಅಪ್ಪಾ, ನಂಗೆ ಕಣ್ಣು ಮುಚ್ಚೋಕಾಗ್ತಿಲ್ಲ!" ಎಂದು ಪಿಟೀಲು ಶುರುವಾಯಿತು. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಹಿಂದೆ. ಹಾಗೆಯೇ ಸ್ಕೂಲಿಗೆ ಹೋದಳು. ಬಸ್ಸಿನಲ್ಲಿ ನೆನಪಾಗಿ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಒಂದು ಥರ ನೋಡಿದರು.

ಸೆಪ್ಟೆಂಬರ್ ೨೮, ಭಾನುವಾರ

ಅಕ್ಕನ ಫೋನು. ಯಾರು ಹೇಳಿದರೋ ಏನೋ, ಅಕ್ಕನ ಕಿವಿಗೆ ಬೀಳದ ಸುದ್ದಿ ಇಲ್ಲ.

"ಮಗೂನ ಬಿಟ್ಟು ಓದೋಕೆ ಹೋಗ್ತೀಯಂತೆ? ತಲೆ ನೆಟ್ಟಗಿದೆಯೇನೇ?"

"ಭಾವ ಮೂರು ವರ್ಷ ಹೊರಗಡೆ ಇರ್ಲಿಲ್ವಾ ಅಕ್ಕ? ಆಗ ನಿನ್ನ ಮಕ್ಕಳು ಇನ್ನೂ ಚಿಕ್ಕವು."

"ಅವರು ದುಡಿಯೋಕೆ ಹೋಗಿದ್ದು ಕಣೇ. ಅದೂ ಅಲ್ದೆ ನಾನಿದ್ದೆ. ಇಲ್ಲಿ ಯಾರಿದಾರೆ? ಆ ಲಿಫ್ಟ್ ಮೇಲಕ್ಕೆ ಕೆಳಕ್ಕೆ ಮಾಡ್ಕೊಂಡಿರೋ ಮನುಷ್ಯ ಮಗೂನ ನೋಡ್ಕೊಳ್ತಾರಾ?"

ಇವರ ಬಗ್ಗೆ ಹಾಗೆ ಆಡಿದ್ದು ಚುರುಕ್ಕೆಂದಿತು. ಏನಾದರೂ ತಿರುಗಿ ಹೇಳಬೇಕಿತ್ತು. ಹೇಳಿದ್ದೇನು? "ನಾನೆಲ್ಲಿ ಹೋಗ್ತೀನಕ್ಕ, ಸುಮ್ನೆ ಹಾಕ್ತಿದೀನಿ ಅಷ್ಟೇ." ಆ ಕಡೆ ಅಕ್ಕ ಉಸಿರು ಬಿಟ್ಟದ್ದು ಇಲ್ಲಿಗೆ ಕೇಳಿಸಿತು. "ಹಾಗನ್ನು ಮತ್ತೆ. ನೀನು ಚಿಕ್ಕಂದಿನಿಂದ ತಿಳುವಳಿಕೆಯವಳು" ಎಂದಳು. ಫೋನ್ ಇಟ್ಟ ಮೇಲೂ ಆ 'ತಿಳುವಳಿಕೆಯವಳು' ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗೆ ಇಡೀ ದಿನ ಕಾಡಿತು.

ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅದೇ ತೊಂದರೆ.

ಅಕ್ಟೋಬರ್ ೯, ಗುರುವಾರ

ಈ ಡಾಕ್ಟರೇಟ್ ನಿಮಗೆ ಯಾಕೆ ಬೇಕು ಎಂದು ಎರಡು ಪುಟ ಬರೆಯಬೇಕಂತೆ. ವಾರದಿಂದ ಅದೇ ಒದ್ದಾಟ. ಬರೆದದ್ದನ್ನು ಇವತ್ತು ಓದಿಕೊಂಡರೆ ನನಗೇ ನಗು ಬಂತು. "ಮಾದರಿಗಳನ್ನು ತಾರಸಿಯಲ್ಲಿ ಇಡಲಾಯಿತು. ನಿಗದಿತ ಅವಧಿಗೆ ಒಡೆಯಲಾಯಿತು. ವ್ಯತ್ಯಾಸ ಕಂಡುಬಂದಿತು." ಇಟ್ಟವಳು ಯಾರು, ಒಡೆದವಳು ಯಾರು, ಸುಡುಬಿಸಿಲಿನಲ್ಲಿ ಕ್ಯೂಬು ಹೊತ್ತು ಮೆಟ್ಟಿಲು ಹತ್ತಿದವಳು ಯಾರು ಎಂಬುದರ ಸುಳಿವೇ ಇಲ್ಲ.

ಏನು ಮಾಡಲಿ, ಹನ್ನೊಂದು ವರ್ಷ ಬರೆದದ್ದು ಬರೀ ವರದಿ. ನಮ್ಮ ಲ್ಯಾಬಿನ ವರದಿಯಲ್ಲಿ 'ಚೆನ್ನಾಗಿದೆ' ಎಂಬ ಪದವಿಲ್ಲ, 'ಚೆನ್ನಾಗಿಲ್ಲ' ಎಂಬುದೂ ಇಲ್ಲ. ಅಂಕಿ ಬರೆದು, ಕೆಳಗೆ 'ಈ ಫಲಿತಾಂಶ ತಂದುಕೊಟ್ಟ ಮಾದರಿಗೆ ಮಾತ್ರ ಅನ್ವಯಿಸುತ್ತದೆ' ಎಂದು ಸೇರಿಸಿ ಕೈ ತೊಳೆದುಕೊಳ್ಳುವುದು. ಇನ್ನು ಕೌಂಟರಿನಲ್ಲಿ ಹೇಳುವ ಮಾತು ಒಂದೇ. ಕ್ಯೂಬು ತೊಟ್ಟಿಗೆ ಬಿದ್ದು ವಾರವಾಗಿರುವುದಿಲ್ಲ, ಕಾಂಟ್ರಾಕ್ಟರು ಬಂದು "ಅಂದಾಜು ಹೇಳಿಬಿಡಿ ಮೇಡಂ, ಪಾಸಾಗುತ್ತೆ ತಾನೆ?" ಎಂದು ಗೋಗರೆಯುತ್ತಾನೆ. "ಈಗಲೇ ಹೇಳಲಾಗದು" ಎನ್ನಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ನಮ್ಮ ಲ್ಯಾಬಿನ ಸರ್ ಕಲಿಸಿದ ಪಾಠ. ಎಷ್ಟು ಸಲ ಹೇಳಿದ್ದೇನೋ, ನಿದ್ದೆಗಣ್ಣಿನಲ್ಲಿ ಕೇಳಿದರೂ ಅದೇ ಬರುತ್ತದೆ.

ಕೊನೆಗೆ ಒಂದು ಸಾಲು ಸೇರಿಸಿದೆ, 'ನನಗೆ ಇದನ್ನು ಕಲಿಯಬೇಕೆಂಬ ಆಸೆ ಇದೆ' ಎಂದು. ಓದಿದರೆ ನಾಚಿಕೆಯಾಯಿತು. ಅಳಿಸಿದೆ.

ಅಕ್ಟೋಬರ್ ೩೦

ಶಿಫಾರಸು ಪತ್ರ. ಬೇರೆ ಯಾರಾದರೂ ಆಗಿದ್ದರೆ "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಎನ್ನುತ್ತಿದ್ದರು. ನಮ್ಮ ಸರ್ ಹಾಗಲ್ಲ. ಲ್ಯಾಬಿನ ಮುಖ್ಯಸ್ಥರಾಗಿ ಇಷ್ಟು ವರ್ಷವಾದರೂ ಇನ್ನೂ ಪ್ರತಿ ವರದಿಯನ್ನು ಸ್ಕೇಲು ಇಟ್ಟುಕೊಂಡು ಸಾಲು ಸಾಲಾಗಿ ಓದುವವರು. ಕಂಪ್ಯೂಟರಿನ ಮುಂದೆ ಕೂತು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

"ಇಲ್ಲಿ ಕೇಳ್ತಿದಾರೆ, ನಿಮ್ಮ ಹತ್ರ ಕೆಲಸ ಮಾಡಿದವರಲ್ಲಿ ಇವರು ಮೇಲಿನ ಐದು ಪರ್ಸೆಂಟಲ್ಲಿ ಬರ್ತಾರಾ ಅಂತ. ನಿನ್ನ ಕೆಲಸ ಮಾಡಿದವರು ಇಲ್ಲೀವರೆಗೆ ಎಷ್ಟು ಜನ?"

"ಮೂರು ಜನ ಸರ್, ನಾನೂ ಸೇರಿ."

"ಮೂರು ಜನದಲ್ಲಿ ಐದು ಪರ್ಸೆಂಟ್ ಹೇಗಮ್ಮಾ ತೆಗೆಯೋದು?"

"ಸರ್, ಎಲ್ಲರೂ ಹಾಕ್ತಾರೆ..."

"ಎಲ್ಲರೂ ಹಾಕ್ಲಿ." ಕನ್ನಡಕ ಒರೆಸಿಕೊಂಡು 'ಹೋಲಿಕೆಗೆ ಸಾಕಷ್ಟು ಮಾದರಿಗಳಿಲ್ಲ' ಎಂದು ಟೈಪ್ ಮಾಡಿದರು. ನಾನು ತಲೆ ಮೇಲೆ ಕೈಹೊತ್ತು ಕೂತೆ. ಪತ್ರವೂ ಹಾಗೆಯೇ. 'ಹನ್ನೊಂದು ವರ್ಷ ನಮ್ಮಲ್ಲಿದ್ದಾರೆ. ಇವರ ವರದಿಗಳಲ್ಲಿ ನಾನು ತಪ್ಪು ಕಂಡಿಲ್ಲ, ಹುಡುಕಿದ್ದೇನೆ. ಈ ಹೇಳಿಕೆ ನಾನು ನೋಡಿದ ಅವಧಿಗೆ ಮಾತ್ರ ಅನ್ವಯಿಸುತ್ತದೆ.' ಅಷ್ಟನ್ನು ಬರೆಯಲು ಮಧ್ಯಾಹ್ನವೆಲ್ಲ ಬೇಕಾಯಿತು.

ಮನೆಗೆ ಬಂದು ಇವರ ಮುಂದೆ ಅಲವತ್ತುಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ "ಒಳ್ಳೇ ಪತ್ರ" ಎಂದರು. ಯಾರ ಕಡೆಯವರು ಇವರು?

ನವೆಂಬರ್ ೧೬, ಭಾನುವಾರ

ಪಿಟೀಲಿನ ಮಂಚವನ್ನು ಇವತ್ತು ಕಿಟಕಿಯ ಹತ್ತಿರ ಹಾಕಿದೆವು. ಇಷ್ಟು ದಿನ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ನನ್ನ ಕಿವಿಯ ಹಾಲೆ ಹಿಡಿದುಕೊಳ್ಳದೆ ಅವಳಿಗೆ ನಿದ್ದೆ ಹತ್ತುವುದಿಲ್ಲ, ಹಸುಗೂಸಿನಿಂದ ಬಂದ ಅಭ್ಯಾಸ. ಎಂಟು ವರ್ಷವಾಯಿತಲ್ಲ, ಒಬ್ಬಳೇ ಮಲಗುವುದನ್ನು ಕಲಿಯಲಿ. ಎಲ್ಲರ ಮನೆ ಮಕ್ಕಳೂ ಕಲಿಯುತ್ತಾರೆ.

"ಯಾಕೆ ಈಗ?" ಎಂದಳು.

"ನೀನು ದೊಡ್ಡವಳಾದೆ, ಅದಕ್ಕೆ."

"ನಿನ್ನೆ ಸೈಕಲ್ ಕೇಳಿದಾಗ ಇನ್ನೂ ಚಿಕ್ಕವಳು ಅಂದೆ?"

ಪಿಟೀಲು ಅಳುತ್ತದೆ ಎಂದುಕೊಂಡಿದ್ದೆ, ಅಳಲಿಲ್ಲ. ದಿಂಬನ್ನು ತಾನೇ ಎತ್ತಿಕೊಂಡು ಹೋದಳು. ಅತ್ತಿದ್ದರೇ ಚೆನ್ನಾಗಿತ್ತು.

ಇತ್ತೀಚೆಗೆ ರಾತ್ರಿ ಹೊತ್ತು ಇವರಿಗೆ ಫೋನ್ ಬರುವುದು ನಿಂತೇಹೋಗಿದೆ. ಲಿಫ್ಟುಗಳು ಈಗ ಹಗಲು ಹೊತ್ತೇ ಕೆಡುತ್ತವೋ ಏನೋ.

ಡಿಸೆಂಬರ್ ೧

ಅರ್ಜಿ ಹೋಯಿತು. ಗುಂಡಿ ಒತ್ತುವ ಮೊದಲು ಏಳು ಸಲ ಓದಿದ್ದು ಯಾಕೆ? ಸುಮ್ಮನೆ ಹಾಕುವ ಅರ್ಜಿಯನ್ನು ಯಾರೂ ಏಳು ಸಲ ಓದುವುದಿಲ್ಲ. ವರದಿ ಓದಿ ಓದಿ ಬಂದ ಅಭ್ಯಾಸ, ಅದಕ್ಕೇ ಇರಬೇಕು.

ಡಿಸೆಂಬರ್ ೨೦, ಶನಿವಾರ

ಕೈಕಟ್ಟಿ ಕೂರಲಾಗುತ್ತಿಲ್ಲ. ಮನೆಯ ಕಪಾಟನ್ನೆಲ್ಲ ತೆಗೆದು ಜೋಡಿಸಿದೆ. ಪಿಟೀಲಿನ ಔಷಧಿಗಳು ಒಂದು ಡಬ್ಬಿಗೆ, ಲಸಿಕೆಯ ಕಾರ್ಡುಗಳು ಒಂದು ಲಕೋಟೆಗೆ, ಪ್ರತಿಯೊಂದರ ಮೇಲೂ ದಪ್ಪ ಅಕ್ಷರದಲ್ಲಿ ಏನಿದೆ ಎಂದು ಬರೆದೆ. ಧೂಳು ಎಷ್ಟಿತ್ತೆಂದರೆ ಸೀನಿ ಸೀನಿ ಸಾಕಾಯಿತು. ಯಾವತ್ತೋ ಮಾಡಬೇಕಿತ್ತು, ಈಗ ಕೈಗೂಡಿತು.

ಲ್ಯಾಬಿನಲ್ಲೂ ಅದೇ ಕೆಲಸ. ತಾರಸಿಯ ಕ್ಯೂಬುಗಳ ಮೇಲೆ ತಾರೀಕನ್ನು ಪೇಂಟಿನಲ್ಲಿ ಬರೆಯುತ್ತಿದ್ದೆ. ಸರ್ ಮಂಡಿ ಹಿಡಿದುಕೊಂಡು, ಏದುಸಿರು ಬಿಡುತ್ತಾ ಮೇಲೆ ಬಂದರು.

"ಇಷ್ಟು ವರ್ಷ ನಿನ್ನ ತಲೇಲೇ ಇತ್ತಲ್ಲ, ಈಗ ಯಾಕೆ ಬರೀತಿದೀಯಾ?"

"ಮರೆತುಹೋಗುತ್ತೆ ಸರ್."

"ನೀನು ಮರೀತೀಯಾ?" ಎಂದು ಒಂದು ಕ್ಯೂಬನ್ನು ಬೆರಳಲ್ಲಿ ತಟ್ಟಿ ನೋಡಿದರು. ಆಮೇಲೆ, ಯಾವುದನ್ನು ಯಾವಾಗ ಒಡೆಯಬೇಕು ಎಂದು ಕೇಳಿ, ಜೇಬಿನ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಅವರಿಗೇಕೆ ಬೇಕಿತ್ತೋ.

ಜನವರಿ ೧೪, ಬುಧವಾರ

ಸಂದರ್ಶನಕ್ಕೆ ಕರೆದಿದ್ದಾರೆ! ಮೂವರನ್ನು ಮಾತ್ರ ಕರೆದಿದ್ದಾರಂತೆ. ಮೇಲ್ ಓದಿದವಳೇ ಕ್ಯೂಬಿನ ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟೆ. ಸೀರೆಯೆಲ್ಲ ಒದ್ದೆಯಾಯಿತು. ಖುಷಿಯೋ ಖುಷಿ. ಮನೆಗೆ ಹೋಗಿ ಹೇಳಬೇಕೆಂದು ಬಸ್ಸಿನಲ್ಲಿ ನಿಂತಲ್ಲಿ ನಿಲ್ಲಲಾರದೆ ಬಂದೆ.

ಪಿಟೀಲು ಸ್ಕೂಲಿನಿಂದ ಬಂದು, ಯೂನಿಫಾರ್ಮಿನಲ್ಲೇ ಅವಳ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಲು ಬಗ್ಗಿದೆ. ತನ್ನ ಕಿವಿಯ ಹಾಲೆಯನ್ನು ತಾನೇ ಹಿಡಿದುಕೊಂಡು ಮಲಗಿದ್ದಳು.

ಎಬ್ಬಿಸದೆ, ಅವಳ ಶೂ ಬಿಚ್ಚಿ ಕಂಬಳಿ ಹೊದಿಸಿದೆ. ನಾನು ಎಂಥ ತಾಯಿ? ಯಾವ ಕಾಂಕ್ರೀಟು, ಯಾವ ಗೋಡೆ, ಯಾರಿಗೆ ಬೇಕು ಇದೆಲ್ಲ? ಇವರು ಬಂದ ಮೇಲೆ ಸಂದರ್ಶನದ ವಿಷಯ ಹೇಳಿದೆ, ಹೇಳುವಾಗಲೇ ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡರೋ ಏನೋ, ಬೆನ್ನು ಸವರಿದರು. ಮತ್ತೆ ಅದೇ 'ಹೂಂ'.

ಜನವರಿ ೨೨, ಗುರುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಸಂದರ್ಶನ ಬೆಳಗ್ಗೆಯೇ ಇತ್ತು. ಇವರು ಪಿಟೀಲನ್ನು ಕರೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಪರದೆಯ ಮೇಲೆ ಪ್ರೊಫೆಸರ್, ಜೊತೆಗೆ ಸಮಿತಿಯ ಇನ್ನಿಬ್ಬರು. ಆಕೆಗೆ ಕೂದಲೆಲ್ಲ ಬೆಳ್ಳಗಾಗಿದೆ, ಮಾತು ಮೆತ್ತಗೆ. ತಾರಸಿಯ ಬಗ್ಗೆ ಕೇಳಿದರು. ಆಹಾ, ಎಷ್ಟು ಚೆನ್ನಾಗಿ ಕೇಳಿದರು! ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಗೋಡೆಯ ನೆರಳು ಬೀಳುತ್ತಿತ್ತೇ, ನೆರಳಿನ ಕ್ಯೂಬು ಯಾವುದೆಂದು ಬೇರೆ ಲೆಕ್ಕ ಇಟ್ಟಿದ್ದೀರಾ? ಇಟ್ಟಿದ್ದೆ. ಇದನ್ನು ಈವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಮೈಮರೆತು ಮಾತಾಡಿದೆ. ಸರ್ ಪತ್ರದ ವಿಷಯ ಬಂದಾಗ ಮೂವರೂ ನಕ್ಕರು. ಹೀಗೆ ಬರೆಯುವವರ ಮಾತನ್ನು ನಂಬಬಹುದು, ನಿಮ್ಮನ್ನು ಕರೆದದ್ದೇ ಅದಕ್ಕೆ, ಎಂದರು.

ಕೊನೆಗೆ ಪ್ರೊಫೆಸರ್ ಮುಂದಕ್ಕೆ ಬಾಗಿ ಕೇಳಿದರು: "ಸೀಟು ನಿಮಗೇ ಕೊಟ್ಟರೆ ಬರುತ್ತೀರಾ?"

"ಈಗಲೇ ಹೇಳಲಾಗದು" ಎಂದೆ.

ನಾನು ಹೇಳಿದ್ದಲ್ಲ, ಬಾಯಿ ಹೇಳಿತು. ಕೌಂಟರಿನಲ್ಲಿ ನಿಂತು ಕಾಂಟ್ರಾಕ್ಟರಿಗೆ ಹೇಳುವ ಅದೇ ದನಿ, ಅದೇ ಒಣ ಮುಖ. ಸಮಿತಿಯ ಒಬ್ಬರು ಪೆನ್ನು ಕೆಳಗಿಟ್ಟರು. ಗಾಬರಿಯಾಗಿ, ಸರಿಪಡಿಸಲು ಹೋಗಿ, "ಮನೆಯಲ್ಲಿ ಕೇಳಬೇಕು" ಎಂದು ಸೇರಿಸಿದೆ. ಆಕೆ "ಸರಿ, ಖಂಡಿತ" ಎಂದು ಏನೋ ಬರೆದುಕೊಂಡರು. ಪರದೆ ಕಪ್ಪಾಯಿತು. ಅದರಲ್ಲಿ ನನ್ನ ಮುಖ ಕಾಣಿಸುತ್ತಿತ್ತು.

ಜನವರಿ ೨೩

ನಿನ್ನೆಯೆಲ್ಲ ಇವರು ಮಾತಾಡಲಿಲ್ಲ. ಇವತ್ತು ಪಿಟೀಲು ಸ್ಕೂಲಿಗೆ ಹೋದ ಮೇಲೆ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಯಾವ ಮನೇಲಿ ಕೇಳ್ಬೇಕು?"

"ಅಂದ್ರೆ?"

"ಮನೇಲಿ ಕೇಳ್ಬೇಕು ಅಂದ್ಯಲ್ಲ. ಯಾವ ಮನೆ ಅದು? ಇದಾದ್ರೆ, ಇಲ್ಲಿ ನೀನು ಯಾರನ್ನೂ ಏನೂ ಕೇಳಿಲ್ಲ. ಸುಮ್ನೆ, ಸುಮ್ನೆ, ಸುಮ್ನೆ. ನನ್ನ ಕಿವಿ ತೂತಾಯ್ತು."

"ನೀವಾದ್ರೂ ಒಂದು ಮಾತು ಹೋಗು ಅನ್ನಬಹುದಿತ್ತಲ್ಲ!"

"ಹೋಗು ಅಂದಿದ್ರೆ ಓಡಿಸ್ತಿದಾರೆ ಅಂತಿದ್ದೆ. ಬೇಡ ಅಂದಿದ್ರೆ ಕಟ್ಟಿಹಾಕ್ತಿದಾರೆ ಅಂತಿದ್ದೆ. ನಿನ್ನ ಬಾಯಿಂದ ಬರ್ಲಿ ಅಂತ ಕಾದೆ ಕಣೇ."

ಮೇಜಿನ ಮೇಲೆ ಬಿದ್ದಿದ್ದ ಪಿಟೀಲಿನ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತುತ್ತಾ ಕೂತೆ.

"ಈ ವಯಸ್ಸಲ್ಲಿ ಕೂತ್ಕೊಂಡು ಜಡೆ ಹಾಕೋದು ಕಲಿತಿದೀನಲ್ಲ, ಹವ್ಯಾಸಕ್ಕೆ ಅನ್ಕೊಂಡ್ಯಾ? ರಾತ್ರಿ ಡ್ಯೂಟಿ ಬೇಡ ಅಂತ ಮ್ಯಾನೇಜರ್ ಹತ್ರ ಕೈಕಾಲು ಹಿಡ್ಕೊಂಡು ಬರೆಸ್ಕೊಂಡು ಬಂದಿದೀನಿ, ಅದಾದ್ರೂ ನಿನ್ನ ಕಣ್ಣಿಗೆ ಬಿತ್ತಾ? ನಂಗೇನು ಭಯ ಇಲ್ವಾ? ಅವಳಿಗೆ ಜ್ವರ ಬಂದ್ರೆ ಏನ್ಮಾಡ್ಲಿ ಅಂತ ದಿನಾ ಯೋಚಿಸ್ತೀನಿ. ಭಯ ಇದ್ರೂ ಕಲೀತಿದೀನಿ."

ದನಿ ಒಡೆಯಿತು. ಇವರ ದನಿ ಒಡೆದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕುರ್ಚಿ ಸರಿಸಿ, ಟೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೋದರು. ಡ್ಯೂಟಿಗೆ ಇನ್ನೂ ಹೊತ್ತಿತ್ತು.

ರಾತ್ರಿ ಡ್ಯೂಟಿ. ನಾನು ಲಿಫ್ಟುಗಳ ಮೇಲೆ ಹೊರಿಸಿದ್ದೆ. ಎಷ್ಟು ಕುರುಡಿ ನಾನು!

ಜನವರಿ ೨೫, ಭಾನುವಾರ

ಪ್ರೊಫೆಸರಿಗೆ ಬರೆದೆ. ಉದ್ದಕ್ಕೆ ಬರೆದು, ಕ್ಷಮೆ ಕೇಳಿ, ಕಾರಣ ಕೊಟ್ಟು, ಎಲ್ಲವನ್ನೂ ಅಳಿಸಿದೆ. ಉಳಿದದ್ದು ಇಷ್ಟು: ಅಂದು ತಪ್ಪಾಗಿ ಹೇಳಿದೆ. ಸೀಟು ಕೊಟ್ಟರೆ ಬರುತ್ತೇನೆ. ನನಗೆ ಬರಬೇಕೆಂಬ ಆಸೆ ಇದೆ.

ಕಳಿಸುವ ಮೊದಲು ಇವರಿಗೆ ಓದಿ ಹೇಳಿದೆ. "ಈಗ ಸರಿಯಾಗಿದೆ" ಎಂದರು. ಕಣ್ಣು ಕೆಂಪಗಿತ್ತು.

ಫೆಬ್ರವರಿ ೬, ಶುಕ್ರವಾರ

ಉತ್ತರ ಬಂತು. ನನ್ನ ಪತ್ರ ತಲುಪುವ ಹೊತ್ತಿಗೆ ಸಮಿತಿ ಬೇರೆಯವರಿಗೆ ಸೀಟು ಕೊಟ್ಟಾಗಿತ್ತಂತೆ. ಅಂದಿನ ಮಾತಿನಿಂದ ನಿಮಗೆ ಬರುವ ಮನಸ್ಸಿಲ್ಲವೆಂದು ತಿಳಿದೆವು, ಬೇಸರವಾಗಿದೆ. ಆಗಸ್ಟಿನಲ್ಲಿ ಇನ್ನೊಂದು ಸೀಟಿಗೆ ಅರ್ಜಿ ಕರೆಯುತ್ತೇವೆ, ನೆರಳಿನ ಕ್ಯೂಬುಗಳನ್ನು ಒಡೆಯುವುದನ್ನು ಮಾತ್ರ ನಿಲ್ಲಿಸಬೇಡಿ. ಇಷ್ಟು ಬರೆದಿದ್ದಾರೆ.

ಒಂದು ಮಾತು. ಅಂದು ನಾನು ಒಂದೇ ಒಂದು 'ಹೂಂ' ಎಂದಿದ್ದರೆ ಸಾಕಿತ್ತು.

ಫೆಬ್ರವರಿ ೮

ಪಿಟೀಲನ್ನು ಕರೆದೆ, "ಬಾರೇ, ಇವತ್ತು ನನ್ನ ಪಕ್ಕ ಮಲಕ್ಕೋ." ಬಂದಳು. ನನ್ನ ಕಿವಿಯನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಇಲ್ಲಿ ಸೆಕೆ ಅಮ್ಮ" ಎಂದು ದಿಂಬು ತೆಗೆದುಕೊಂಡು ತನ್ನ ಮಂಚಕ್ಕೆ ಹೋದಳು. ಸೆಕೆ ಎಲ್ಲಿಂದ ಬಂತು, ಇನ್ನೂ ಕಂಬಳಿ ಹೊದೆಯುವ ಕಾಲ.

ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎನ್ನುವುದು ಹೀಗೆಯೇ ಇರುತ್ತದೇನೋ.

ಫೆಬ್ರವರಿ ೧೨

ಲ್ಯಾಬು. ಮನೆ. ಲ್ಯಾಬು.

ಫೆಬ್ರವರಿ ೨೨, ಭಾನುವಾರ

ಅಕ್ಕನ ಫೋನು. "ಏನಾಯ್ತೇ ನಿನ್ನ ಅರ್ಜಿ?" ಎಂದು ಕೇಳಿದಳು.

"ಈ ಸಲ ಸಿಗಲಿಲ್ಲ ಅಕ್ಕ. ಆಗಸ್ಟಲ್ಲಿ ಮತ್ತೆ ಹಾಕ್ತೀನಿ. ಸಿಕ್ಕಿದ್ರೆ ಹೋಗ್ತೀನಿ."

ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಎಂದು "ಹಲೋ, ಹಲೋ" ಎಂದೆ. "ಇದೀನಿ" ಎಂದಳು. ಆಮೇಲೆ ಭಾವನ ಬೆನ್ನುನೋವಿನ ವಿಷಯ ಮಾತಾಡಿದೆವು. ಅಕ್ಕ ಯಾಕೋ ಇವತ್ತು ಬೇಗ ಫೋನ್ ಇಟ್ಟಳು. ಪಿಟೀಲು ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದಳು.

ಮಧ್ಯಾಹ್ನ ಲ್ಯಾಬಿನ ಬೀಗದ ಕೈ ತೆಗೆದುಕೊಂಡು ತಾರಸಿಗೆ ಹೋಗಿದ್ದೆ. ನೆರಳಿನ ಸಾಲಿನಲ್ಲಿ, ನಾನು ಒಡೆಯಲು ಮರೆತಿದ್ದ ಒಂದು ಕ್ಯೂಬು ಇರಲಿಲ್ಲ. ಸರ್ ಇಳಿಸಿಕೊಂಡು ಹೋಗಿ, ಸರಿಯಾದ ದಿನಕ್ಕೆ ಒಡೆದು, ಅಂಕಿಯನ್ನು ನನ್ನ ಮೇಜಿನ ಮೇಲೆ ಬರೆದಿಟ್ಟಿದ್ದರು. ಆ ಮಂಡಿನೋವಿನಲ್ಲಿ.

ಫೆಬ್ರವರಿ ೨೩, ಸೋಮವಾರ

ಬೇಗ ಲ್ಯಾಬಿಗೆ ಹೋಗುವ ಅವಸರ ಈಗ ಏನಿದೆ? ಬಾಚಣಿಗೆ, ರಬ್ಬರ್ ಬ್ಯಾಂಡ್ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತೆ.

"ಬಾ, ಇವತ್ತಿಂದ ಜಡೆ ನಾನೇ ಹಾಕ್ತೀನಿ."

ಪಿಟೀಲು ಎರಡು ಹೆಜ್ಜೆ ಆಚೆಯೇ ನಿಂತಳು. "ಬೇಡ. ಅಪ್ಪಾನೇ ಹಾಕ್ಲಿ."

ನಗುತ್ತಲೇ ಕೇಳಿದೆ, "ಯಾಕೆ, ನಾನು ಹಾಕಿದ್ರೆ ಚೆನ್ನಾಗಿರಲ್ವಾ?"

"ನೀನೇ ಚೆನ್ನಾಗಿ ಹಾಕೋದು. ಅಪ್ಪ ಹಾಕಿದ್ರೆ ಇನ್ನೂ ಎಳೆಯುತ್ತೆ."

"ಮತ್ತೆ?"

"ನೀನು ಹಾಕಿಬಿಟ್ರೆ ಅಪ್ಪಂಗೆ ಅಭ್ಯಾಸ ತಪ್ಪಿಹೋಗುತ್ತೆ. ಆಮೇಲೆ ನೀನು ಹೋದಾಗ ಮತ್ತೆ ಮೊದಲಿಂದ ಶುರು. ನನ್ನ ತಲೆ ಏನಾಗ್ಬೇಕು?"

ಇವರು ಮುಖ ತೊಳೆದು, ಟವೆಲ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಇವತ್ತು 'ಹೂಂ' ಕೂಡ ಅನ್ನಲಿಲ್ಲ. ನಾನು ಎದ್ದು, ಬಾಚಣಿಗೆಯನ್ನು ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತುಕೊಂಡೆ.

"ಬಲಗಡೆ ಸ್ವಲ್ಪ ಸಡಿಲ ಬಿಡಿ" ಎಂದೆ.